ಅರ್ಕಾ ರಕ್ಷಕ್ ಟೊಮೆಟೊ ಬೀಜ: ಒಂದು ಪ್ಯಾಕೆಟ್, ಹತ್ತಾರು ತಾರಸಿ

ಮೊದಲೇ ಹೇಳಿಬಿಡುತ್ತೇನೆ, ಬೀಜಕ್ಕೆ ಐದಕ್ಕೆ ನಾಲ್ಕು ಅಂಕ. ಒಂದು ಪ್ಯಾಕೆಟ್ ತರಿಸಿ ನಮ್ಮ ತಾರಸಿ ತೋಟದ ಗುಂಪಿನ ಹತ್ತಾರು ಮನೆಯವರು ಹಂಚಿಕೊಳ್ಳುವ ಪದ್ಧತಿಗೆ ಐದಕ್ಕೆ ಐದು. ಆದರೆ ಹಣ್ಣು ಹಿಂಡಿ ತೆಗೆದ ಬೀಜವನ್ನು ಅರ್ಕಾ ರಕ್ಷಕ್ ಅಂತಲೇ ಹೆಸರಿಟ್ಟು ಹಂಚುತ್ತಾರಲ್ಲ, ಅದಕ್ಕೆ ಒಂದು ಅಂಕವೂ ಇಲ್ಲ. ಈ ಮೂರನ್ನೂ ಬಿಡಿಸಿ ಹೇಳಬೇಕು ಅನ್ನಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ನಾವೆಲ್ಲ ಐಐಹೆಚ್‌ಆರ್ ಅಂತೀವಲ್ಲ, ಅದೇ. ಅಲ್ಲಿನ ವಿಜ್ಞಾನಿ ಎ.ಟಿ. ಸದಾಶಿವ ಅವರ ತಂಡ ಮಾಡಿದ ಎಫ್1 ಹೈಬ್ರಿಡ್, ಅಂದರೆ ಎರಡು ಬೇರೆ ಬೇರೆ ಟೊಮೆಟೊ ಗಿಡಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಎಲೆ ಮುಟುರು ವೈರಸ್, ಸೊರಗು ರೋಗ, ಎಲೆಯ ಮೇಲೆ ಕಂದು ಚುಕ್ಕೆ ಬೀಳಿಸುವ ಅರ್ಲಿ ಬ್ಲೈಟ್ ಈ ಮೂರನ್ನೂ ಒಂದೇ ಗಿಡ ತಡೆದುಕೊಳ್ಳುತ್ತದೆ ಅನ್ನುವುದೇ ಇದರ ಹೆಸರುವಾಸಿ. ಹೆಕ್ಟೇರಿಗೆ 75ರಿಂದ 80 ಟನ್ ಇಳುವರಿ ಅಂತ ಸಂಸ್ಥೆ ಹೇಳುತ್ತದೆ. ಚಿಕ್ಕಬಳ್ಳಾಪುರದ ಕಡೆಯ ರೈತರೊಬ್ಬರಿಗೆ ಒಂದೇ ಗಿಡದಲ್ಲಿ 19 ಕೆಜಿ ಬಂತು ಅಂತ ಪತ್ರಿಕೆಗಳಲ್ಲಿ ಬಂದ ಮೇಲಂತೂ ತಾರಸಿ ತೋಟದವರೆಲ್ಲ ಇದರ ಹಿಂದೆ ಬಿದ್ದರು. ಆ 19 ಕೆಜಿಯನ್ನು ದಯವಿಟ್ಟು ಮರೆತುಬಿಡಿ. ಅದು ಹೊಲ, ಹನಿ ನೀರಾವರಿ, ಲೆಕ್ಕ ಹಾಕಿ ಕೊಟ್ಟ ಗೊಬ್ಬರ, ದಿನವಿಡೀ ಬಿಸಿಲು. ನಮ್ಮ 20 ಲೀಟರ್ ಚೀಲದಲ್ಲಿ, ಅರ್ಧ ದಿನ ಪಕ್ಕದ ಮನೆಯ ನೆರಳು ಬೀಳುವ ಜಾಗದಲ್ಲಿ, ಅದರ ಕಾಲುಭಾಗವೂ ಬರುವುದಿಲ್ಲ. ಆದರೂ ಅದೇ ಜಾಗದಲ್ಲಿ ಬೇರೆ ಗಿಡಗಳು ಕೊಡುವುದಕ್ಕಿಂತ ಜಾಸ್ತಿಯೇ ಕೊಡುತ್ತದೆ.

ನಾನಿರುವುದು ಮೈಸೂರಿನಲ್ಲಿ. ಇಲ್ಲಿ ತಾರಸಿ ಟೊಮೆಟೊವನ್ನು ಕೊಲ್ಲುವುದು ಮುಖ್ಯವಾಗಿ ಬಿಳಿ ನೊಣ. ಫೆಬ್ರವರಿ ಕಳೆದು ಬಿಸಿಲೇರುತ್ತಿದ್ದಂತೆ ಎಲೆಯ ಅಡಿಗೆ ಬಂದು ಕೂರುತ್ತವೆ. ಗಿಡ ಅಲ್ಲಾಡಿಸಿದರೆ ಹಿಟ್ಟು ಹಾರಿದ ಹಾಗೆ ಏಳುತ್ತವೆ. ಎಲೆ ಮುಟುರು ವೈರಸ್ಸನ್ನು ಹೊತ್ತು ತರುವುದು ಇವೇ. ಆಮೇಲೆ ತುದಿ ಎಲೆ ದೋಣಿಯಂತೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಅಂಚು ಹಳದಿಯಾಗುತ್ತದೆ, ಗಿಣ್ಣು ಗಿಣ್ಣು ಹತ್ತಿರವಾಗಿ ಗಿಡ ಪೊದೆಯಾಗಿ ನಿಂತುಬಿಡುತ್ತದೆ. ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ. ವೈರಸ್ ಆದ್ದರಿಂದ ಬಂದ ಮೇಲೆ ಮದ್ದಿಲ್ಲ, ಕಿತ್ತು ಬಿಸಾಡಬೇಕು ಅಷ್ಟೇ. ಕಳೆದ ಬೇಸಿಗೆಯಲ್ಲಿ ನನ್ನ ನಾಟಿ ಗಿಡಗಳೆಲ್ಲ ಹೀಗೇ ಹೋದವು. ಅವುಗಳ ಮಗ್ಗುಲಲ್ಲೇ, ಚೀಲಕ್ಕೆ ಚೀಲ ತಾಗಿಕೊಂಡಿದ್ದ ಅರ್ಕಾ ರಕ್ಷಕ್ ಗಿಡಗಳಿಗೂ ಅದೇ ನೊಣ ಕೂತಿತ್ತು. ಎಲೆ ಅಗಲವಾಗಿ, ಕಡು ಹಸಿರಾಗಿ ಹಾಗೇ ಇತ್ತು. ಒಂದು ಗಿಡದ ತುದಿ ಮಾತ್ರ ಸ್ವಲ್ಪ ಮುದುಡಿತು, ಆದರೂ ಕಾಯಿ ಬಿಡುವುದನ್ನು ನಿಲ್ಲಿಸಲಿಲ್ಲ. ಈ ಬೀಜಕ್ಕಾಗಿ ಇಷ್ಟು ಒದ್ದಾಡುವುದು ವ್ಯರ್ಥ ಅಲ್ಲ ಅಂತ ನನಗೆ ಖಾತ್ರಿಯಾಗಿದ್ದು ಅದನ್ನು ನೋಡಿದ ಮೇಲೆಯೇ.

ಕರಾವಳಿಯವರ ಕಥೆ ಬೇರೆ. ಪುತ್ತೂರು, ಉಡುಪಿ ಕಡೆ ಸೊರಗು ರೋಗದ ಕಾಟ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಅದು. ಬೆಳಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನ ತಲೆ ಬಗ್ಗಿಸುತ್ತದೆ, ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ನೀರು ಸಾಲಲಿಲ್ಲವೇನೋ ಅಂತ ಇನ್ನಷ್ಟು ನೀರು ಹಾಕುತ್ತೇವೆ. ಎರಡು ಮೂರು ದಿನದಲ್ಲಿ ಗಿಡ ಮುಗಿಯಿತು. ಅನುಮಾನ ಇದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿಯಿರಿ. ಅಲ್ಲಾಡಿಸಬೇಡಿ. ಸೊರಗು ರೋಗವೇ ಆಗಿದ್ದರೆ ಕೆಲವೇ ನಿಮಿಷದಲ್ಲಿ ಕಾಂಡದಿಂದ ಹಾಲಿನ ಎಳೆಯಂಥದ್ದು ನೀರಿಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇದು ಬಂದ ಮಣ್ಣಿನಲ್ಲಿ ಸಾಮಾನ್ಯ ಟೊಮೆಟೊ, ಬದನೆ ಮತ್ತೆ ಹಾಕುವಂತೆಯೇ ಇಲ್ಲ. ನಮ್ಮ ಹಂಚಿಕೆಯಲ್ಲಿ ಬೀಜ ಪಡೆದವರಲ್ಲಿ ಹೆಚ್ಚು ಖುಷಿಪಟ್ಟವರು ಆ ಕಡೆಯವರೇ. ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಹಾಕಿದ ಗಿಡ ಜನವರಿಯಲ್ಲೂ ನಿಂತಿದೆ ಅಂತ ಫೋಟೊ ಕಳಿಸಿದರು.

ಇನ್ನು ಹಣ್ಣು. ಚೌಕ ಅನ್ನಿಸುವ ದುಂಡು, ಒಳ್ಳೆ ಕೆಂಪು, ಗಟ್ಟಿ. ನಮ್ಮಲ್ಲಿ ಒಂದೊಂದು ಹೆಚ್ಚು ಕಡಿಮೆ 80 ಗ್ರಾಂ ತೂಗಿತು. ಕೊಯ್ದು ಅಡುಗೆಮನೆಯ ಬುಟ್ಟಿಯಲ್ಲಿಟ್ಟರೆ ಎರಡು ವಾರ ಏನೂ ಆಗುವುದಿಲ್ಲ, ಫ್ರಿಜ್ ಬೇಕಿಲ್ಲ. ಗೊಜ್ಜಿಗೆ, ಚಟ್ನಿಗೆ, ಟೊಮೆಟೊ ಬಾತಿಗೆ ಬಹಳ ಚೆನ್ನಾಗಿದೆ. ತಿರುಳು ಜಾಸ್ತಿ, ನೀರು ಕಡಿಮೆ, ಬೇಗ ಗಟ್ಟಿಯಾಗುತ್ತದೆ. ಆದರೆ ಸಾರಿಗೆ ಆಗುವುದಿಲ್ಲ. ಸಾರಿಗೆ ಬೇಕಾದ ಆ ಹುಳಿ ಇದರಲ್ಲಿಲ್ಲ, ಹುಣಿಸೆಹಣ್ಣು ಸೇರಿಸಲೇಬೇಕು. ಸಿಪ್ಪೆಯೂ ದಪ್ಪ. ಲಾರಿಯಲ್ಲಿ ದೂರ ಸಾಗಿಸಲಿ ಅಂತ ಮಾಡಿದ ಹಣ್ಣಲ್ವಾ, ಸಹಜ. ನಾನು ಒಂದು ಅಂಕ ಕಳೆದಿದ್ದು ಇದಕ್ಕೇ. ಸಾರಿಗೆ ಅಂತ ಒಂದೆರಡು ನಾಟಿ ಗಿಡ ಜೊತೆಗೆ ಇಟ್ಟುಕೊಳ್ಳಿ.

ಇದನ್ನು ಉಕ್ಕಿನ ಗಿಡ ಅಂದುಕೊಳ್ಳುವುದೂ ಬೇಡ. ಮೂರು ರೋಗಕ್ಕೆ ರಕ್ಷಣೆ ಇದೆ, ಎಲ್ಲಕ್ಕೂ ಅಲ್ಲ. ಮೋಡ ಮುಸುಕಿದ ಜಿಟಿಜಿಟಿ ಮಳೆಯಲ್ಲಿ ಎಲೆ, ಕಾಯಿ ಕೊಳೆಸುವ ಲೇಟ್ ಬ್ಲೈಟ್ ಬಂದರೆ ಇದೂ ಕರಗುತ್ತದೆ. ಕಾಯಿಕೊರಕ ಬಿಡುವುದಿಲ್ಲ. 2014ರಲ್ಲಿ ನಮ್ಮ ದೇಶಕ್ಕೆ ಬಂದ ಟೂಟಾ ಹುಳು ಎಲೆಯೊಳಗೆ ಸುರಂಗ ಕೊರೆಯುತ್ತದೆ, ಅದಕ್ಕೂ ಈ ತಳಿ ಒಂದೇ, ಇನ್ನೊಂದು ತಳಿ ಒಂದೇ. ನೀರು ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಅಂತ ಮಾಡಿದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಕೋಲು ಕಟ್ಟದಿದ್ದರೆ ಕಾಯಿಯ ಭಾರಕ್ಕೇ ಮುರಿಯುತ್ತದೆ.

ಈಗ ಮುಖ್ಯ ವಿಷಯ. ಬೀಜ ಎಲ್ಲಿ ಸಿಗುತ್ತದೆ? ಹೆಸರಘಟ್ಟದಲ್ಲಿ ಸಂಸ್ಥೆಯ ಕೌಂಟರ್ ಇದೆ, ಆನ್‌ಲೈನ್ ಬೀಜ ಪೋರ್ಟಲ್ ಇದೆ, ವರ್ಷದ ಆರಂಭದಲ್ಲಿ ಸಾಮಾನ್ಯವಾಗಿ ಅಲ್ಲಿ ನಡೆಯುವ ತೋಟಗಾರಿಕಾ ಮೇಳದಲ್ಲೂ ಮಾರುತ್ತಾರೆ. ಆದರೆ ಬೇಕಾದಾಗ ಸಿಗುವುದಿಲ್ಲ. ಪೋರ್ಟಲ್ ತೆರೆದರೆ ಎಷ್ಟೋ ಸಲ ದಾಸ್ತಾನು ಇಲ್ಲ ಅಂತ ಬರುತ್ತದೆ. ಊರಿನ ಬೀಜದಂಗಡಿಯಲ್ಲಿ ಕೇಳಿದರೆ ಬೇರೆ ಯಾವುದೋ ಹೈಬ್ರಿಡ್ ಪ್ಯಾಕೆಟ್ ಮುಂದಿಟ್ಟು, ಇದೂ ಅದೇ ತರ ತಗೊಳ್ಳಿ ಅಂತಾರೆ. ಆನ್‌ಲೈನ್‌ನಲ್ಲಿ ಚಿಕ್ಕ ಜಿಪ್ ಕವರಿಗೆ ಇಪ್ಪತ್ತು ಬೀಜ ಹಾಕಿ, ಮೇಲೆ ಪೆನ್ನಿನಲ್ಲಿ ಹೆಸರು ಬರೆದು ಮಾರುವವರಿದ್ದಾರೆ. ಯಾವ ಕಂತಿನ ಬೀಜ ಅಂತ ಗುರುತಿಸುವ ಲಾಟ್ ನಂಬರ್ ಇಲ್ಲ, ಮೊಳಕೆ ಪರೀಕ್ಷೆಯ ದಿನಾಂಕ ಇಲ್ಲ. ನಮ್ಮ ಪೈಕಿ ಒಬ್ಬರು ಅಂಥದ್ದನ್ನು ತರಿಸಿದ್ದರು. ಬಂದ ಗಿಡಗಳಲ್ಲಿ ಒಂದು ಉದ್ದ ಕಾಯಿ, ಒಂದು ಗೋಲಿ ಕಾಯಿ, ಒಂದಕ್ಕೆ ಮೊದಲ ಹೂವಿಗೇ ಎಲೆ ಮುಟುರು. ಅದು ಹೈಬ್ರಿಡ್ ಹಣ್ಣಿನಿಂದ ತೆಗೆದ ಬೀಜವೇ ಇರಬೇಕು ಅಂತ ನಮ್ಮ ಅನುಮಾನ.

ಸಿಕ್ಕಿದಾಗಲೂ ಇನ್ನೊಂದು ಸಮಸ್ಯೆ. ನಮಗೆ ಸಿಕ್ಕಿದ್ದು 10 ಗ್ರಾಂ ಪ್ಯಾಕೆಟ್. ಟೊಮೆಟೊ ಬೀಜ ಗ್ರಾಮಿಗೆ ಸುಮಾರು 300 ಇರುತ್ತದೆ, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹತ್ತಿರ ಹತ್ತಿರ 3000. ರೈತನ ಲೆಕ್ಕಕ್ಕೆ ಅದು ಸರಿ. ತಾರಸಿಯಲ್ಲಿ ಆರು ಚೀಲ ಇಟ್ಟವರಿಗೆ ಹತ್ತು ಬೀಜ ಸಾಕು, ಉಳಿದದ್ದು ಡಬ್ಬಿಯಲ್ಲಿ ಕೂತು ಮುದಿಯಾಗುತ್ತದೆ. ಒಬ್ಬರು ತರಿಸಿ ಹತ್ತಾರು ಮನೆಗೆ ಹಂಚುವುದು ಅಂತ ನಾವು ಶುರುಮಾಡಿದ್ದು ಇದಕ್ಕೇ. ಪ್ಯಾಕೆಟ್ ಬೆಲೆಯನ್ನು ಹಂಚಿಕೊಂಡರೆ ತಲೆಗೆ ಬರುವ ದುಡ್ಡು ಒಂದು ಲೋಟ ಕಾಫಿಗಿಂತ ಕಡಿಮೆ. ಎಷ್ಟೋ ಜನರಿಗೆ ಸುಮ್ನೆ ಕೊಡುತ್ತೇವೆ. ಬದಲಿಗೆ ಅವರು ಹೀರೆ ಬೀಜ, ಚಪ್ಪರದ ಅವರೆ, ಮಂಗಳೂರು ಸೌತೆ ಏನಾದರೂ ಕಳಿಸುತ್ತಾರೆ.

ಹಂಚುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ ನಮ್ಮ ಗುಂಪಿನ ಹಿರಿಯರೊಬ್ಬರು. ಅವರಿಗೆ ಈ ಐದು ಅಂಕವೂ ಸಲ್ಲಬೇಕು. ಮಳೆ ದಿನ ಪ್ಯಾಕೆಟ್ ಒಡೆಯುವುದಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಬೀಜ ಎಳೆದುಕೊಳ್ಳುತ್ತದೆ ಅಂತ. ಒಣಗಿದ ಸ್ಟೀಲ್ ತಟ್ಟೆ, ಒಣಗಿದ ಚಮಚ. ಕೈ ಹಾಕುವಂತಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಇಂಥ ಬೀಜಕ್ಕೆ ಎಷ್ಟೋ ಸಲ ಶಿಲೀಂಧ್ರನಾಶಕ ಸವರಿ ಬಣ್ಣ ಹಾಕಿರುತ್ತಾರೆ. ಗುಲಾಬಿ, ನೀಲಿ ಹೀಗೆ ಬಣ್ಣ ಕಂಡರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ. ಹದಿನೈದು ಹದಿನೈದು ಬೀಜ ಎಣಿಸಿ ಕಂದು ಕಾಗದದ ಪುಟ್ಟ ಕವರಿಗೆ ಹಾಕುತ್ತಾರೆ. ಪ್ರತಿ ಕವರಿನ ಮೇಲೂ ತಳಿಯ ಹೆಸರು, ಎಫ್1 ಅಂತ ದಪ್ಪ ಅಕ್ಷರದಲ್ಲಿ, ಮೂಲ ಪ್ಯಾಕೆಟ್‌ನ ಲಾಟ್ ನಂಬರ್, ಪರೀಕ್ಷೆಯ ದಿನಾಂಕ, ಪ್ಯಾಕೆಟ್ ಒಡೆದ ದಿನ. ಪ್ಯಾಕೆಟ್‌ನ ಎರಡೂ ಮಗ್ಗುಲಿನ ಫೋಟೊ ತೆಗೆದು ಬೀಜ ಪಡೆದ ಎಲ್ಲರಿಗೂ ಕಳಿಸುತ್ತಾರೆ. ಮುಂದೆ ಯಾರದಾದರೂ ಮೊಳೆಯದಿದ್ದರೆ ತಪ್ಪು ಬೀಜದ್ದೋ ಮಣ್ಣಿನದ್ದೋ ಅಂತ ಹುಡುಕಲು ಆ ಲಾಟ್ ನಂಬರ್ ಬೇಕೇಬೇಕು. ನಮ್ಮ ಬೀಜದಂಗಡಿಗಳೂ ಚಿಲ್ಲರೆ ಬೀಜ ಮಾರುವಾಗ ಇಷ್ಟು ಮಾಡಿದರೆ ಸಾಕಿತ್ತು.

ಅಂಚೆಯಲ್ಲಿ ಕಳಿಸುವವರಿಗೆ ಒಂದು ಮಾತು. ಬೀಜವನ್ನು ಹಾಗೇ ಲಕೋಟೆಗೆ ಹಾಕಿದರೆ ಮೊಹರು ಬಿದ್ದು ಪುಡಿಯಾಗುತ್ತದೆ. ಹಳೆಯ ರಟ್ಟಿನ ಎರಡು ತುಂಡಿನ ನಡುವೆ ಕವರ್ ಇಟ್ಟು ಟೇಪ್ ಹಾಕಿ. ರಟ್ಟು ಸೇರಿಯೂ 20 ಗ್ರಾಂ ಒಳಗೇ ಇರುತ್ತದೆ, ಮಾಮೂಲಿ ಪತ್ರದ ಅಂಚೆ ದರ ಸಾಕು. ಪ್ಲಾಸ್ಟಿಕ್ ಕವರ್ ಬೇಡ, ಬಿಸಿಲಲ್ಲಿ ನಿಂತ ಅಂಚೆ ಗಾಡಿಯೊಳಗೆ ಅದು ಬೆವರುತ್ತದೆ.

ಪ್ಯಾಕೆಟ್ ಮೇಲಿನ ಅವಧಿ ನೋಡಿ ಹೆದರುವವರಿದ್ದಾರೆ. ನಮ್ಮಲ್ಲಿ ಲೇಬಲ್‌ನ ಅವಧಿ ಸಾಮಾನ್ಯವಾಗಿ ಪರೀಕ್ಷೆ ಮಾಡಿದ ದಿನದಿಂದ ಒಂಬತ್ತು ತಿಂಗಳು. ಅದು ಕಾನೂನಿನ ಲೆಕ್ಕ. ಮಾರುವ ಟೊಮೆಟೊ ಬೀಜ ಕನಿಷ್ಠ 70 ಶೇಕಡಾ ಮೊಳೆಯಬೇಕು ಅನ್ನುವ ಮಟ್ಟ ಇದೆ, ಅದಕ್ಕೆ ಕೊಡುವ ಖಾತ್ರಿಯ ಅವಧಿ ಅದು. ಒಂಬತ್ತು ತಿಂಗಳ ಮರುದಿನ ಬೀಜ ಸಾಯುವುದಿಲ್ಲ. ಗಾಳಿಯಾಡದ ಬಾಟಲಿಯಲ್ಲಿ ಸಿಲಿಕಾ ಜೆಲ್ ಪುಟ್ಟ ಪೊಟ್ಟಣದ ಜೊತೆ ಫ್ರಿಜ್‌ನಲ್ಲಿಟ್ಟರೆ ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಚೆನ್ನಾಗಿ ಮೊಳೆಯುತ್ತದೆ. ಹೊರಗೆ ತೆಗೆದಾಗ ಬಾಟಲಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ. ತೆರೆದರೆ ಒಳಗೆ ಹನಿ ಕಟ್ಟುತ್ತದೆ.

ಈಗ ಜಗಳದ ವಿಷಯಕ್ಕೆ ಬರೋಣ. ನಾನೇಕೆ ಹಣ್ಣಿನಿಂದ ತೆಗೆದ ಬೀಜದ ಬಗ್ಗೆ ಇಷ್ಟು ಖಡಾಖಂಡಿತ?

ಎಫ್1 ಬೀಜ ಹೇಗೆ ಹುಟ್ಟುತ್ತದೆ ನೋಡಿ. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಮುತ್ತ ತರಕಾರಿ ಹೈಬ್ರಿಡ್ ಬೀಜ ಮಾಡುವುದೇ ದೊಡ್ಡ ಉದ್ಯೋಗ. ಬಲೆ ಮನೆಯೊಳಗೆ ಸಾಲು ಸಾಲು ಹೆಂಗಸರು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಗುರುತಿಸಿ, ಚಿಮಟದಿಂದ ಮೊಗ್ಗು ಬಿಡಿಸಿ, ಒಳಗಿನ ಹಳದಿ ಗಂಡು ಭಾಗವನ್ನು ಮಾತ್ರ ಹೆಣ್ಣು ಭಾಗಕ್ಕೆ ಪೆಟ್ಟಾಗದ ಹಾಗೆ ಕಿತ್ತು ತೆಗೆಯುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನಿಂದ ತಂದ ಪರಾಗವನ್ನು ಅದಕ್ಕೆ ಮುಟ್ಟಿಸುತ್ತಾರೆ. ಗುರುತಿಗೆ ಹೂವಿನ ಹಸಿರು ಎಸಳು ಒಂದೆರಡನ್ನು ಕತ್ತರಿಸಿ ಬಿಡುತ್ತಾರೆ. ಕಾಯಿ ಬಿಟ್ಟಾಗ ತೊಟ್ಟಿನ ಹತ್ತಿರ ಎಸಳು ಕತ್ತರಿಸಿರುವ ಹಣ್ಣನ್ನು ಮಾತ್ರ ಬೀಜಕ್ಕೆ ಆರಿಸುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಹೈಬ್ರಿಡ್ ಬೀಜ ದುಬಾರಿ ಅಂತ ಗೊಣಗುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಹೀಗೆ ಹುಟ್ಟಿದ ಗಿಡ ಅಪ್ಪನ ಒಂದು ಪಾಲು, ಅಮ್ಮನ ಒಂದು ಪಾಲು. ಎಲ್ಲಾ ಗಿಡವೂ ಒಂದೇ ತರ. ಆದರೆ ನಮ್ಮ ತಾರಸಿಯಲ್ಲಿ ಆ ಗಿಡ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಂಡು ಕಾಯಿ ಕಟ್ಟುತ್ತದಲ್ಲ, ಆಗ ಆ ಗುಣಗಳು ಮತ್ತೆ ಚೆದುರುತ್ತವೆ. ರೋಗ ತಡೆಯುವ ಪ್ರಬಲ ಜೀನ್ (ಒಬ್ಬರಿಂದ ಬಂದರೂ ಕೆಲಸ ಮಾಡುವಂಥದ್ದು) ಒಂದೇ ಇದ್ದು, ಅದು ಅಪ್ಪನಿಂದಲೋ ಅಮ್ಮನಿಂದಲೋ ಒಬ್ಬರಿಂದ ಮಾತ್ರ ಬಂದಿದೆ ಅಂದುಕೊಳ್ಳಿ. ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಅದು ಇರುವುದೇ ಇಲ್ಲ. ಮೂರು ರೋಗಕ್ಕೆ ಇಂಥ ಮೂರು ಬೇರೆ ಬೇರೆ ಜೀನ್ ಅಂತ ಸುಲಭದ ಲೆಕ್ಕ ಹಾಕಿದರೂ, ಮೂರೂ ಉಳಿದುಕೊಳ್ಳುವ ಗಿಡ 64ಕ್ಕೆ 27 ಮಾತ್ರ. ಅರ್ಧವೂ ಇಲ್ಲ. ನಿಜವಾದ ಗಿಡದಲ್ಲಿ ಇದು ಇನ್ನೂ ಗೋಜಲು. ಹಣ್ಣಿನ ಗಾತ್ರ, ಇಳುವರಿ ಎಲ್ಲ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ.

ಆರು ಗಿಡ ಹಾಕುವವರಿಗೆ ಇದರ ಅರ್ಥ ಏನು? ಉಡುಪಿಯಲ್ಲಿ ಒಬ್ಬರು ಅರ್ಕಾ ರಕ್ಷಕ್ ಅಂತ ನಂಬಿ ಸೊರಗು ರೋಗದ ಮಣ್ಣಿನಲ್ಲೇ ನೆಡುತ್ತಾರೆ. ಎರಡು ಗಿಡ ಸಾಯುತ್ತದೆ. ಆಮೇಲೆ ಅವರು ಬಯ್ಯುವುದು ಬೀಜ ಕೊಟ್ಟವರನ್ನಲ್ಲ, ತಳಿಯನ್ನು. ಹೆಸರಘಟ್ಟದವರು ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಕೆಟ್ಟ ಹೆಸರು. ನನಗೆ ಸಿಟ್ಟು ಬರುವುದು ಇದಕ್ಕೆ.

ಬೀಜ ತೆಗೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ತೆಗೆಯಿರಿ. ಹಣ್ಣಿನ ಲೋಳೆಯನ್ನು ಬೀಜದ ಸಮೇತ ಲೋಟಕ್ಕೆ ಹಾಕಿ ಎರಡು ಮೂರು ದಿನ ಹುಳಿಯಲು ಬಿಡಿ, ಲೋಳೆ ಬಿಟ್ಟುಕೊಂಡ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಆದರೆ ಕವರಿನ ಮೇಲೆ ಎಫ್2, ಅಂದರೆ ಎರಡನೇ ಪೀಳಿಗೆ, ಅಂತ ಬರೆಯಿರಿ. ಎರಡೇ ಅಕ್ಷರ ಸಾಕು. ಪಡೆದವರಿಗೆ ಗೊತ್ತಿರುತ್ತದೆ, ಗಿಡ ಗಿಡಕ್ಕೂ ವ್ಯತ್ಯಾಸ ಬರುತ್ತದೆ ಅಂತ. ತಾಳ್ಮೆ ಇರುವವರು ಇನ್ನೂ ಮುಂದೆ ಹೋಗಬಹುದು. ಪ್ರತಿ ಸಲ ಒಳ್ಳೆ ಗಿಡ ಒಂದನ್ನೇ ಆರಿಸಿ ಅದರ ಬೀಜವನ್ನೇ ಹಾಕುತ್ತಾ ಹೋದರೆ ಆರೇಳು ಪೀಳಿಗೆಯಲ್ಲಿ ಗುಣ ನಿಲ್ಲುತ್ತದೆ. ವರ್ಷಕ್ಕೆ ಎರಡು ಬೆಳೆ ಅಂದರೆ ಮೂರು ನಾಲ್ಕು ವರ್ಷದ ಕೆಲಸ. ಆಗ ಅದು ನಿಮ್ಮ ಟೊಮೆಟೊ, ನಿಮ್ಮ ಊರಿನ ಹೆಸರಿಟ್ಟು ಹಂಚಿ. ಅರ್ಕಾ ರಕ್ಷಕ್ ಅನ್ನಬೇಡಿ ಅಷ್ಟೇ.

ಕಾನೂನಿನ ಬಗ್ಗೆಯೂ ಕೇಳುತ್ತಾರೆ, ಹಂಚಿದರೆ ತಪ್ಪಾ ಅಂತ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ರೈತರು ತಾವು ಬೆಳೆದದ್ದರ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ. ಅಂದರೆ ಕಾನೂನು ಕೂಡ ಹೆಸರಿನ ವಿಷಯದಲ್ಲೇ ಬಿಗಿ.

ವರ್ಷ ವರ್ಷ ಬೀಜ ತೆಗೆದು ಹಂಚಿಕೊಳ್ಳಲೇಬೇಕು ಅನ್ನುವವರಿಗೆ ಅದೇ ಸಂಸ್ಥೆಯ ಹೈಬ್ರಿಡ್ ಅಲ್ಲದ ತಳಿಗಳಿವೆ. ಸೊರಗು ರೋಗದ ಊರಿನವರು ಅರ್ಕಾ ಆಭಾ ಅಥವಾ ಅರ್ಕಾ ಆಲೋಕ್ ಹುಡುಕಿ. ಎರಡೂ ಆ ರೋಗ ತಡೆಯುತ್ತವೆ, ಬೀಜ ತೆಗೆದರೂ ಗುಣ ಹಾಗೇ ಬರುತ್ತದೆ. ಎಲೆ ಮುಟುರು ಮಾತ್ರ ನೀವೇ ನೋಡಿಕೊಳ್ಳಬೇಕು. ಮಾಮೂಲಿ ಮನೆಬಳಕೆಗೆ ಅರ್ಕಾ ವಿಕಾಸ್, ಮಳೆ ನಂಬಿ ಬೆಳೆಯುವವರಿಗೆ ಅರ್ಕಾ ಮೇಘಾಲಿ. ಸಹಜ ಸಮೃದ್ಧ ಸಂಘಟನೆಯವರ ದೇಸಿ ಬೀಜ ಮೇಳಕ್ಕೆ ಹೋದರೆ ನಾಟಿ ಟೊಮೆಟೊ ಬೀಜವೂ ಸಿಗುತ್ತದೆ, ಸಾರಿನ ಹುಳಿಗೆ ಅವೇ ಸರಿ.

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು, ನೆಂಟರು ಕವರ್‌ನಲ್ಲಿ ಹಾಕಿ ಕಳಿಸಿ ಅಂತ ಕೇಳುತ್ತಾರೆ. ಅವರ ಹಿತ್ತಲಿನಲ್ಲಿ ಊರಿನ ಟೊಮೆಟೊ ಬೆಳೆಯಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಕಳಿಸಬೇಡಿ. ಬೀಜದ ಮೂಲಕ ಹರಡುವ ಬ್ರೌನ್ ರುಗೋಸ್ ವೈರಸ್ ಭಯದಿಂದ 2019ರಿಂದ ಅಲ್ಲಿ ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ನಿಯಮ ತುಂಬಾ ಬಿಗಿಯಾಗಿದೆ. ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೋದ ಬೀಜವನ್ನು ಹಿಡಿದರೆ ನಾಶ ಮಾಡುತ್ತಾರೆ. ಹಿಡಿಯದೆ ಹೋದರೆ ಅದು ಇನ್ನೂ ಕೆಟ್ಟದ್ದು.

ಸದ್ಯಕ್ಕೆ ನಮ್ಮ ಡಬ್ಬಿಯಲ್ಲಿ ಅರ್ಕಾ ರಕ್ಷಕ್ ಕವರ್ ಸ್ವಲ್ಪ ಉಳಿದಿವೆ, ಅವು ಕರಾವಳಿ ಮತ್ತು ಮಲೆನಾಡಿನವರಿಗೆ ಮೊದಲು ಅಂತ ತೀರ್ಮಾನ ಆಗಿದೆ. ಮುಂದಿನ ಪ್ಯಾಕೆಟ್‌ಗೆ ನಾವು ಕಾಯುತ್ತಿರುವುದು ಅರ್ಕಾ ಅಭೇದ್. ಈ ಮೂರು ರೋಗದ ಜೊತೆ ಲೇಟ್ ಬ್ಲೈಟನ್ನೂ ತಡೆಯುವ ಹೈಬ್ರಿಡ್ ಅದು. ಪೋರ್ಟಲ್‌ನಲ್ಲಿ ದಾಸ್ತಾನು ಬಂದ ತಕ್ಷಣ ತರಿಸುತ್ತೇವೆ, ಜೂನ್ ಮಳೆಗೆ ಹಾಕಿ ನೋಡಿ ಅದರ ಬಗ್ಗೆಯೂ ಬರೆಯುತ್ತೇನೆ.